ಮೆಟ್ರಿಕ್ ಮೇಳಕ್ಕೆ ಬನ್ನಿ, ಆದರೆ ಲೆಕ್ಕ ಮಕ್ಕಳೇ ಮಾಡಲಿ

ನಮಸ್ಕಾರ ಎಲ್ಲರಿಗೂ. ಇದು ಉಡುಪಿ ಹತ್ತಿರದ ಕಟಪಾಡಿ ಒಳರಸ್ತೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಇವತ್ತು ಶನಿವಾರ, ಇಲ್ಲಿ ಮೆಟ್ರಿಕ್ ಮೇಳ, ಅಂದರೆ ಮಕ್ಕಳೇ ತರಕಾರಿ ತೂಗಿ ಮಾರಿ ಲೆಕ್ಕ ಕಲಿಯುವ ದಿನ. ಕೆಲವು ಕಡೆ ಮಕ್ಕಳ ಸಂತೆ ಅಂತಾರೆ. ಡೆಸ್ಕ್ ಜೋಡಿಸುವುದು, ಮಾವಿನ ಎಲೆ ಕಟ್ಟುವುದು ಎಲ್ಲ ವಿಡಿಯೋದಲ್ಲಿ ನೀವೇ ನೋಡ್ತಾ ಇದ್ದೀರಿ, ಅದನ್ನು ಹೇಳ್ಲಿಕ್ಕೆ ಹೋಗುವುದಿಲ್ಲ. ಜಾಗದ ಬಗ್ಗೆ ಮಾತ್ರ ಒಂದು ಮಾತು. ನಮ್ಮ ಕಡೆ ಈ ಮೇಳ ಹೆಚ್ಚಾಗಿ ಚಳಿಗಾಲದಲ್ಲಿ. ಮೂಡು ಜಗಲಿಗೆ ಹನ್ನೊಂದರವರೆಗೆ ಬಿಸಿಲು. ಪಡು ಜಗಲಿಗೆ ಹನ್ನೊಂದರ ನಂತರ ಕಡಲ ಗಾಳಿ, ತಕ್ಕಡಿ ಅಲುಗಾಡ್ತದೆ. ಬಡಗು ಬದಿಯ ಜಗಲಿ ಇದ್ದರೆ ಅದೇ ಒಳ್ಳೆಯದು, ಈ ತಿಂಗಳುಗಳಲ್ಲಿ ಅಲ್ಲಿಗೆ ಬಿಸಿಲೇ ಬರುವುದಿಲ್ಲ.

ಈಗ ಟೇಬಲ್ ಒಂದೊಂದಾಗಿ ನೋಡುವ. ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿ, ಸಾಂಬಾರು ಸೌತೆ, ಬಾಳೆದಿಂಡು, ಕೆಸುವಿನ ಎಲೆ, ಬಿಂಬುಳಿ. ಬಿಂಬುಳಿ ಅಂದರೆ ಹುಳಿ ಕಾಯಿ, ಪೇಟೆ ಅಂಗಡಿಯಲ್ಲಿ ಸಿಗುವುದು ಅಪರೂಪ, ಇಲ್ಲಿ ಬುಟ್ಟಿ ತುಂಬ ಉಂಟು. ಸೊಪ್ಪಿನ ಮೇಲೆ ನೀರು ಹಾಕಬೇಡಿ, ಅಡಿಗೆ ಒದ್ದೆ ಗೋಣಿ ಹಾಸಿ. ಮೇಲೆ ಹಾಕಿದ ನೀರೂ ತೂಕಕ್ಕೆ ಸೇರ್ತದೆ, ಕೊಳ್ಳುವವರು ಕೇಳಿದರೆ ಮಗು ಏನು ಹೇಳಬೇಕು? ಸೊಪ್ಪನ್ನು ಕಟ್ಟಿನ ಲೆಕ್ಕದಲ್ಲೇ ಮಾರಿ. ಒಂದು, ಎರಡು, ಮೂರನೇ ತರಗತಿಯ, ಆಡ್ತಾ ಕಲಿಯುವ ನಲಿ-ಕಲಿ ಮಕ್ಕಳಿಗೆ ಕಟ್ಟಿನ ಲೆಕ್ಕ ಸಾಕು, ಒಂದು ಕಟ್ಟಿಗೆ 10 ರೂಪಾಯಿ. ತಕ್ಕಡಿ ನಾಲ್ಕನೇ ತರಗತಿಯಿಂದ ಮೇಲಿನವರಿಗೆ.

ಇದು ಮಟ್ಟು ಗುಳ್ಳ. ತಿಳಿ ಹಸಿರು, ಉರುಟು, ತೊಟ್ಟಿನಲ್ಲಿ ಮುಳ್ಳು. 2011ರಲ್ಲಿ ಭೌಗೋಳಿಕ ಮಾನ್ಯತೆ (ಜಿಐ), ಅಂದರೆ ಇದು ಈ ಊರಿನದ್ದೇ ಅನ್ನುವ ಗುರುತು, ಸಿಕ್ಕಿದ ಬದನೆ. ಮಟ್ಟು ಇಲ್ಲಿಂದ ತುಂಬ ಹತ್ತಿರ, ಹಾಗಾಗಿ ಮಕ್ಕಳ ಮನೆಯಿಂದಲೇ ಬಂದಿದೆ. ಆ ಪಕ್ಕದ ಟೇಬಲಿನಲ್ಲಿ ಮಲ್ಲಿಗೆ, ಶಂಕರಪುರದ್ದು. ಮಲ್ಲಿಗೆ ಕಟ್ಟುವ ಮನೆಯ ಮಕ್ಕಳಿಗೆ ಭಾಗಾಕಾರ ಬೇರೆ ಕಲಿಸಬೇಕಾಗಿಲ್ಲ. ಅಟ್ಟೆ, ಚೆಂಡು ಅಂದರೆ ಕಟ್ಟಿದ ಮಲ್ಲಿಗೆ ಮಾರುವ ಅಳತೆ: ಒಂದು ಅಟ್ಟೆಗೆ 4 ಚೆಂಡು, ಒಂದು ಚೆಂಡಿಗೆ 800 ಹೂ. ಅಟ್ಟೆಗೆ 1200 ರೂಪಾಯಿ ಇದ್ದ ದಿನ ಚೆಂಡಿಗೆ 300, ಅರ್ಧ ಚೆಂಡು ಅಂದರೆ 400 ಹೂ, 150 ರೂಪಾಯಿ. ಆ ಹುಡುಗಿ ಬಾಯಿಲೆಕ್ಕದಲ್ಲಿ ಹೇಳಿದಳು, ಕೇಳಿದಿರಲ್ಲ? ದರ ದಿನದಿನ ಬದಲಾಗ್ತದೆ, ದಿನದಿನ ಲೆಕ್ಕವೂ ಹೊಸತು. ಮಲ್ಲಿಗೆ ಬಗ್ಗೆ ಇನ್ನೂ ಹೇಳ್ಲಿಕ್ಕೆ ಉಂಟು, ಆದರೆ ಅಲ್ಲಿ ಗುಳ್ಳದ ಟೇಬಲಿನಲ್ಲಿ ಗಲಾಟೆ ಶುರುವಾಯ್ತು, ಬನ್ನಿ.

ನೋಡಿ ಮಾರ್ರೆ, ಈ ತಕ್ಕಡಿ. ಖಾಲಿ ಇದ್ದಾಗ ಮುಳ್ಳು ಸರೀ ನಡುವಿನಲ್ಲಿ ಉಂಟು. ಆದರೂ ಕೊಂಡು ಹೋದ ಒಬ್ಬರು ಮನೆಯಲ್ಲಿ ತೂಗಿ ನೋಡಿ ವಾಪಸ್ ಬಂದಿದ್ದಾರೆ. ಕಿಲೋಗೆ ಸುಮಾರು 50 ಗ್ರಾಂ ಜಾಸ್ತಿ ಬಂದಿದೆಯಂತೆ, ಹೆಚ್ಚಿನ ದುಡ್ಡು ಕೊಡ್ಲಿಕ್ಕೆ ಬಂದವರು. ಮಕ್ಕಳಿಗೆ ಗೊಂದಲ, ಖಾಲಿ ತಕ್ಕಡಿ ಸರಿ ಇದ್ದ ಮೇಲೆ ತೂಕ ತಪ್ಪುವುದು ಹೇಗೆ ಅಂತ.

ಕ್ಯಾಮರಾ ಹತ್ತಿರ ತರ್ತೇನೆ. ಈ ಎಡಗಡೆ ಕೊಕ್ಕೆ ಕಾಣ್ತದಾ? ತಟ್ಟೆಯ ಸರಪಳಿ ಸಿಕ್ಕಿಸುವ ಕೊಕ್ಕೆ ಬಗ್ಗಿ ಒಳಗೆ ಸರಿದಿದೆ. ನಡುವಿನಿಂದ ಬಲಗಡೆ ಕೊಕ್ಕೆಗೆ 20 ಸೆಂಟಿಮೀಟರ್, ಎಡಗಡೆ 19. ಯಾರೋ ಇದನ್ನು ನೋಡದೆ, ತಕ್ಕಡಿ ವಾಲ್ತದೆ ಅಂತ ಎಡ ತಟ್ಟೆಯ ಅಡಿಗೆ ತಂತಿ ಸುತ್ತಿ ಸಮ ಮಾಡಿದ್ದಾರೆ. ತಂತಿಯಿಂದ ಖಾಲಿ ತಕ್ಕಡಿ ಸಮ ಆಯ್ತು, ಅಷ್ಟೇ. ಬಲಕ್ಕೆ 1 ಕಿಲೋ ತೂಕದ ಕಲ್ಲು ಇಟ್ಟರೆ, ಎಡಗಡೆ ಕೋಲು ಗಿಡ್ಡ ಆದ್ದರಿಂದ ಅಲ್ಲಿ 1 ಕಿಲೋ ಸಾಲುವುದಿಲ್ಲ, 1050 ಗ್ರಾಂ ಚಿಲ್ಲರೆ ಬೇಕು. ಅರ್ಧ ಕಿಲೋಗೆ ಸುಮಾರು 26 ಗ್ರಾಂ ಹೆಚ್ಚು ಹೋಗ್ತದೆ, ಎರಡು ಕಿಲೋಗೆ ಸುಮಾರು 105. ಭಾರ ಹೆಚ್ಚಾದ ಹಾಗೆ ತಪ್ಪೂ ಹೆಚ್ಚು. ತಂತಿಯ ತೂಕ ಮಾತ್ರ ಇದ್ದಷ್ಟೇ.

ಹಾಗಾಗಿ ತಕ್ಕಡಿ ತಂದ ದಿನವೇ ಎರಡು ಪರೀಕ್ಷೆ ಮಾಡಿ. ಒಂದು, ಖಾಲಿ ತೂಗಿ ನೋಡುವುದು, ಇದನ್ನು ಎಲ್ಲರೂ ಮಾಡ್ತಾರೆ. ಎರಡನೆಯದನ್ನು ಯಾರೂ ಮಾಡುವುದಿಲ್ಲ: ಬಲಕ್ಕೆ ಕಲ್ಲು, ಎಡಕ್ಕೆ ಗುಳ್ಳ ಇಟ್ಟು ಸಮ ಮಾಡಿ, ಆಮೇಲೆ ಅದಲು ಬದಲು ಮಾಡುವುದು. ಆಗಲೂ ಸಮ ನಿಂತರೆ ತಕ್ಕಡಿ ಸರಿ. ವಾಲಿದರೆ ಕೋಲಿನ ಎರಡು ಬದಿ ಸಮ ಇಲ್ಲ, ಎಷ್ಟು ತಂತಿ ಸುತ್ತಿದರೂ ಪ್ರಯೋಜನ ಇಲ್ಲ. ತಂತಿ ಬಿಚ್ಚಿ, ಇಕ್ಕಳದಲ್ಲಿ ಕೊಕ್ಕೆಯನ್ನು ಹೊರಗೆ ಎಳೆದು ಅಳತೆ ಸಮ ಮಾಡಿ, ಪುನಃ ಎರಡೂ ಪರೀಕ್ಷೆ.

ಇಕ್ಕಳ ಇಲ್ಲ, ಜನ ಕಾಯ್ತಾ ಇದ್ದಾರೆ ಅಂದರೆ? ಅದಕ್ಕೂ ದಾರಿ ಉಂಟು, ಅದನ್ನೇ ಇಲ್ಲಿ ಟೀಚರ್ ಈಗ ಮಾಡಿಸ್ತಾ ಇದ್ದಾರೆ. ಬಲ ತಟ್ಟೆಯಲ್ಲಿ 1 ಕಿಲೋ ಕಲ್ಲು ಇಡಿ. ಎಡಕ್ಕೆ ಒಂದು ಚೀಲದಲ್ಲಿ ಮರಳು ಹಾಕ್ತಾ ಹಾಕ್ತಾ ಸಮ ಮಾಡಿ. ಈಗ ಕಲ್ಲು ತೆಗೆದು ಅದೇ ಬಲ ತಟ್ಟೆಗೆ ಗುಳ್ಳ ಹಾಕಿ. ಮರಳಿಗೆ ಸಮ ಬಂದರೆ ಅದು ಸರಿಯಾದ 1 ಕಿಲೋ, ತಕ್ಕಡಿ ಎಷ್ಟು ಸೊಟ್ಟ ಇದ್ದರೂ. ಕಲ್ಲು ಕೂತ ಜಾಗದಲ್ಲೇ ಗುಳ್ಳ ಕೂತದ್ದರಿಂದ ಕೋಲಿನ ಉದ್ದದ ಪ್ರಶ್ನೆಯೇ ಬರುವುದಿಲ್ಲ. ಕಾಲು ಕಿಲೋ, ಅರ್ಧ ಕಿಲೋಗೆ ಬೇರೆ ಬೇರೆ ಮರಳು ಚೀಲ ಮಾಡಿ ಮೇಲೆ ಬರೆದಿಡಿ. ಏಳನೇ ತರಗತಿಯ ಮಕ್ಕಳು ಇದನ್ನು ಎಷ್ಟು ಬೇಗ ಹಿಡಿದರು ನೋಡಿ. ಪುಸ್ತಕದಲ್ಲಿ ಓದಿದ್ದರೆ ಇಷ್ಟು ಬೇಗ ತಲೆಗೆ ಹೋಗ್ತಿರಲಿಲ್ಲ.

ಸರಿ, ಶಾಟ್ ಮುಗಿಯಿತು, ಕಲ್ಲಿನ ಕಡೆ ಬರುವ. 1 ಕಿಲೋ, 500, 200, 100, 50 ಗ್ರಾಂ, ಇಷ್ಟು ಒಂದು ಸೆಟ್. ದಿನಸಿ ಅಂಗಡಿಯಿಂದ ತರುವಾಗ ತೂಕ ಅಳತೆ ಇಲಾಖೆಯ ಮುದ್ರೆ ಇದ್ದದ್ದನ್ನೇ ತನ್ನಿ. ಇಂಥ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು ಅಂತ ನಿಯಮ. ಕಾಲು ಕಿಲೋ ಅಂದರೆ 200 ಮತ್ತು 50. ಮುಕ್ಕಾಲು ಅಂದರೆ 500, 200, 50. ಇಲ್ಲೊಬ್ಬರು 400 ಗ್ರಾಂ ಕೇಳಿದರು, 200ರ ಕಲ್ಲು ಒಂದೇ ಉಂಟು. ಹುಡುಗ ಏನು ಮಾಡಿದ ನೋಡಿ: ಒಂದು ಕಡೆ 500, ಗುಳ್ಳದ ತಟ್ಟೆಗೆ 100. ಭಲೇ! ಇದನ್ನು ನೋಡ್ಲಿಕ್ಕೇ ಮೇಳಕ್ಕೆ ಬರಬೇಕು. ಎಲೆಕ್ಟ್ರಾನಿಕ್ ತಕ್ಕಡಿ ತರಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅದು ತೂಕವನ್ನೂ ದುಡ್ಡನ್ನೂ ತಾನೇ ಹೇಳಿ ಬಿಡ್ತದೆ. ಮೂಲೆಯಲ್ಲಿ ಒಂದು ಇರಲಿ, ಕೊಂಡವರು ಪರೀಕ್ಷೆ ಮಾಡ್ಲಿಕ್ಕೆ.

ಇನ್ನು ದರ. ಇದರಲ್ಲಿ ಎಡವುವ ಶಾಲೆಗಳು ತುಂಬ. ಕಿಲೋಗೆ 50 ಅಂತ ಬೋರ್ಡ್ ಹಾಕ್ತಾರೆ, ಕೇಳ್ಲಿಕ್ಕೆ ಸುಲಭ. ಕಾಲು ಕಿಲೋ ಕೇಳಿದರೆ ಹನ್ನೆರಡೂವರೆ ರೂಪಾಯಿ. ಆ ಐವತ್ತು ಪೈಸೆ ಎಲ್ಲಿಂದ ತರುವುದು? ಕಾನೂನಿನಲ್ಲಿ 50 ಪೈಸೆ ನಾಣ್ಯ ಈಗಲೂ ನಡೀತದೆ, 2011ರಲ್ಲಿ ನಿಂತದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು. ಆದರೆ ಯಾರ ಕಿಸೆಯಲ್ಲೂ ಇಲ್ಲವಲ್ಲ. ಕಿಲೋ ದರವನ್ನು 20, 40, 60, 80, ಹೀಗೇ ಇಡಿ. ಕಾಲು ಕಿಲೋಗೆ 5, 10, 15, 20 ಬರ್ತದೆ. 100 ಗ್ರಾಂಗೆ 2, 4, 6, 8. ಎಲ್ಲೂ ಪೈಸೆ ಬರುವುದಿಲ್ಲ, ಮಗು ತಡವರಿಸುವುದಿಲ್ಲ. ಇಲ್ಲಿ ಗುಳ್ಳ 80, ತೊಂಡೆ 60, ಸೌತೆ 40. ಇದನ್ನು ಹಿಂದಿನ ದಿನವೇ ಗಣಿತದ ಮಾಷ್ಟ್ರು ಕೂತು ನಿಶ್ಚಯ ಮಾಡಿದ್ದಾರೆ, ನನಗೆ ತುಂಬ ಖುಷಿ ಆಯ್ತು.

ಚಿಲ್ಲರೆ. ಟೇಬಲಿಗೆ 200 ರೂಪಾಯಿಯ ಚಿಲ್ಲರೆ ಬೇಕು: ಹತ್ತರ ನೋಟು 10, ಐದರ ನಾಣ್ಯ 16, ಎರಡರ ನಾಣ್ಯ 10. ಇಪ್ಪತ್ತು ಟೇಬಲಿಗೆ 4000. ಬ್ಯಾಂಕಿನಲ್ಲಿ ಸಿಗ್ತದೆ, ಸಿಟಿ ಬಸ್ಸಿನ ಕಂಡಕ್ಟರಲ್ಲಿ ಕೇಳಿದರೂ ಸಿಗ್ತದೆ. ಹತ್ತರ ನಾಣ್ಯ ಬೇಡ ಅನ್ನುವ ಅಂಗಡಿಯವರು ಈಗಲೂ ಇದ್ದಾರೆ, ಆದರೆ ಅದು ಚಾಲ್ತಿಯಲ್ಲಿರುವ ನಾಣ್ಯ, ರಿಸರ್ವ್ ಬ್ಯಾಂಕೇ ಹೇಳಿದೆ. ಮಕ್ಕಳಿಗೆ ಅದನ್ನೂ ಹೇಳಿಕೊಡಿ.

ಕ್ಯೂಆರ್ ಕೋಡ್ ಮಾತ್ರ ಮಕ್ಕಳ ಟೇಬಲಿನಲ್ಲಿ ಬೇಡವೇ ಬೇಡ. ಸ್ಕ್ಯಾನ್ ಮಾಡಿದರೆ ಮಗು ಕಲಿಯುವುದು ಎಂತ? ಆದರೆ ಗೇಟಿನ ಹತ್ತಿರ ನಾಲ್ಕು ಮಂದಿ ಅಮ್ಮಂದಿರು ನಿಂತಿದ್ದಾರೆ, ಕೈಯಲ್ಲಿ ಮೊಬೈಲ್ ಬಿಟ್ಟರೆ ಏನೂ ಇಲ್ಲ. ಅವರನ್ನು ವಾಪಸ್ ಕಳಿಸ್ಲಿಕ್ಕೆ ಆಗ್ತದಾ? ಹಾಗಾದರೆ ಹೀಗೆ ಮಾಡುವ: ಗೇಟಿನ ಹತ್ತಿರ ಒಂದೇ ಟೇಬಲ್, ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಇಬ್ಬರು ದೊಡ್ಡವರು ಕೂತು, ಮೊಬೈಲಿನಲ್ಲಿ ದುಡ್ಡು ತಗೊಂಡು ಹತ್ತು, ಇಪ್ಪತ್ತು, ಐವತ್ತರ ನೋಟು ಕೊಡಲಿ. ಐನೂರರ ನೋಟೂ ಅಲ್ಲೇ ಒಡೆಯಲಿ. ಕೊಟ್ಟದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಲಿ, ಶಿಕ್ಷಕರ ಸ್ವಂತ ನಂಬರಿಗೆ ಹಾಕಿಸಬೇಡಿ. ಒಳಗಿನ ವ್ಯಾಪಾರ ಎಲ್ಲ ನಗದು.

ಇಲ್ಲಿ ಸ್ವಲ್ಪ ಕೇಳಿ.

"ಕಾಲು ಕಿಲೋ ಗುಳ್ಳ, ಕಾಲು ಕಿಲೋ ತೊಂಡೆ. ಎಷ್ಟಾಯ್ತು ಮಗಾ?"

"ಇಪ್ಪತ್ತು, ಮತ್ತೆ ಹದಿನೈದು... ಮೂವತ್ತೈದು ಆಂಟಿ."

ನೂರರ ನೋಟು ಕೊಟ್ಟರು. ನೂರರಿಂದ ಮೂವತ್ತೈದು ಕಳೆಯಿರಿ ಅಂದರೆ ಮಕ್ಕಳು ತಡ ಮಾಡ್ತಾರೆ. ಅಂಗಡಿಯವರ ಹಾಗೆ ಮೇಲಕ್ಕೆ ಎಣಿಸಬೇಕು: ಐದು ಕೊಟ್ಟರೆ ನಲವತ್ತು, ಹತ್ತು ಕೊಟ್ಟರೆ ಐವತ್ತು, ಐವತ್ತು ಕೊಟ್ಟರೆ ನೂರು. ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಆ ನೂರರ ನೋಟು ಡಬ್ಬಿಯ ಒಳಗೆ ಹೋಗಬಾರದು, ಡಬ್ಬಿಯ ಮೇಲೆ ಕಲ್ಲಿನ ಅಡಿಗಿರಲಿ. ನಾನು ಕೊಟ್ಟದ್ದು ಐನೂರು ಅಂತ ಯಾರಾದರೂ ಹೇಳಿದರೆ ನೋಟು ಕಣ್ಣೆದುರೇ ಇರ್ತದೆ.

ಅಯ್ಯೋ, ಆ ಟೇಬಲ್ ನೋಡಿ. ಮಗು ಬೆರಳು ಮಡಚಿ ಎಣಿಸ್ತಾ ಇದ್ದಾನೆ, ಹಿಂದಿನಿಂದ ಅಪ್ಪ "ನಲವತ್ತೈದು, ನಲವತ್ತೈದು" ಅಂತ ಹೇಳಿ ಬಿಟ್ಟರು. ದಯವಿಟ್ಟು ಬೇಡ. ಇಷ್ಟೆಲ್ಲ ತಯಾರಿ ಮಾಡುವುದು ಆ ಅರ್ಧ ನಿಮಿಷಕ್ಕೆ. ಮುಕ್ಕಾಲು ಕಿಲೋ ತೊಂಡೆಗೆ ನಲವತ್ತೈದು ಅಂತ ಅವನೇ ಕಂಡುಕೊಳ್ಳಲಿ. ಕೊಳ್ಳುವವರೂ ಗಡಿಬಿಡಿ ಮಾಡಬೇಡಿ, ತಪ್ಪು ಹೇಳಿದರೆ "ಇನ್ನೊಮ್ಮೆ ನೋಡು ಮಗಾ" ಅಂದರೆ ಸಾಕು. ತಂದೆತಾಯಿ ಟೇಬಲಿನ ಹಿಂದೆ ಅಲ್ಲ, ಮುಂದೆ ಇರಬೇಕು, ಚೀಲ ಹಿಡಿದುಕೊಂಡು. ಬಟ್ಟೆ ಚೀಲ, ಪ್ಲಾಸ್ಟಿಕ್ ಅಲ್ಲ.

ಚರ್ಮುರಿ ಟೇಬಲಿನಲ್ಲಿ ಸಾಲು ಉದ್ದ ಆಗಿದೆ. 1 ಕಿಲೋ ಮಂಡಕ್ಕಿಯಲ್ಲಿ 25 ಗ್ರಾಂನ 40 ಪೊಟ್ಟಣ ಆಗ್ತದೆ. ತುರಿದ ಕ್ಯಾರೆಟ್, ಈರುಳ್ಳಿ, ಟೊಮೆಟೊ ಬೇರೆ ಬೇರೆ ಪಾತ್ರೆಯಲ್ಲಿರಲಿ. ಒಟ್ಟಿಗೆ ಕಲಸಿಟ್ಟರೆ ಟೊಮೆಟೊ ನೀರು ಬಿಟ್ಟು ಮಂಡಕ್ಕಿ ಮೆತ್ತಗಾಗ್ತದೆ. ಒಂದು ಸಲಕ್ಕೆ ನಾಲ್ಕು ಪೊಟ್ಟಣಕ್ಕೆ ಬೇಕಾದಷ್ಟು ಮಾತ್ರ, ತೆಂಗಿನೆಣ್ಣೆ ಕೊನೆಗೆ. ಈರುಳ್ಳಿ ಹೆಚ್ಚುವುದು ದೊಡ್ಡವರ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ.

ಹಿಂದೆ ಮೈಕ್ ಕೇಳ್ತಾ ಉಂಟಲ್ಲ, ಇನ್ನೂ ಭಾಷಣ. ಉದ್ಘಾಟನೆ ಹತ್ತು ನಿಮಿಷದಲ್ಲಿ ಮುಗಿಸಿ, ಅತಿಥಿಗಳು ಮೊದಲ ಬಸಳೆ ಕಟ್ಟು ಕೊಂಡರೆ ಅದೇ ಉದ್ಘಾಟನೆ ಅಲ್ವಾ? ಒಂದು ಗಂಟೆ ಭಾಷಣ ಆದರೆ ಹರಿವೆ ತಲೆ ಬಾಗಿಸ್ತದೆ, ಸಣ್ಣ ಮಕ್ಕಳಿಗೆ ಹಸಿವಾಗ್ತದೆ.

ಹನ್ನೊಂದೂವರೆ. ಗಂಟೆ ಹೊಡೆದರು, ಇನ್ನು ಉಳಿದ ಸೊಪ್ಪಿಗೆಲ್ಲ ಅರ್ಧ ದರ. ಅದನ್ನೂ ಮಕ್ಕಳೇ ಬೋರ್ಡಿನಲ್ಲಿ ತಿದ್ದಲಿ. ಆಮೇಲೂ ಉಳಿದದ್ದು ಬಿಸಿಯೂಟದ ಅಡುಗೆಮನೆಗೆ.

ಈಗ ಡಬ್ಬಿ ಎಣಿಸುವುದು. "ಆರುನೂರ ಐವತ್ತು ಲಾಭ ಟೀಚರ್" ಅಂತ ಕೂಗಿದರು ಆ ಮೂಲೆಯವರು. ನಿಲ್ಲಿ. ಅದರಲ್ಲಿ 200 ಚಿಲ್ಲರೆಗೆ ಕೊಟ್ಟದ್ದು. ಮಾರಿದ್ದು 450. ಮನೆಯಲ್ಲಿ ಬೆಳೆದದ್ದು ಪುಕ್ಕಟೆ ಅಂತ ಮಕ್ಕಳು ತಿಳೀತಾರೆ, ಹಾಗಲ್ಲ. ಅದನ್ನೇ ಅಂಗಡಿಗೆ ಹಾಕಿದ್ದರೆ ಎಷ್ಟು ಸಿಗ್ತಿತ್ತು ಅಂತ ಮನೆಯಲ್ಲಿ ಕೇಳಿ ಬರೆದುಕೊಂಡು ಬರಬೇಕು, ಅದೇ ಕೊಂಡ ಬೆಲೆ. ಇವರದ್ದು 360. ಲಾಭ 90, ಶೇಕಡಾ 25. ಐದನೆಯವರಿಗೆ ಲಾಭದವರೆಗೆ ಸಾಕು, ಶೇಕಡಾ ಲೆಕ್ಕ ಏಳನೆಯವರಿಗೆ. ಚಿಲ್ಲರೆಯ 200 ಮೊದಲು ತೆಗೆದು ಆಫೀಸಿಗೆ ಕೊಟ್ಟು, ಉಳಿದದ್ದು ಮಕ್ಕಳ ಕೈಗೆ.

ತಕ್ಕಡಿ, ಕಲ್ಲು ಅಂಗಡಿಗೆ ವಾಪಸ್ ಹೋಗುವ ಮೊದಲು ಟೇಬಲ್ ಟೇಬಲಿಗೆ ಎಣಿಸಿ. 50 ಗ್ರಾಂನದ್ದನ್ನು ಮೊದಲು ಹುಡುಕಿ, ಸಣ್ಣದಾದ್ದರಿಂದ ತರಕಾರಿ ಜೊತೆ ಯಾರದಾದರೂ ಚೀಲಕ್ಕೆ ಹೋಗುವುದು ಅದೇ. ಇಲ್ಲಿ ಒಂದು ಕಡಿಮೆ ಉಂಟು. ಈಗ ಮೈಕಿನಲ್ಲಿ ಹೇಳ್ತಾ ಇದ್ದಾರೆ, ಗುಳ್ಳ ಕೊಂಡು ಹೋದವರು ಚೀಲ ನೋಡಿ ಅಂತ.