ಹಾವು ದೊಡ್ಡದಾಯ್ತು ಅಂತ ಹೇಳೋದು ಯಾವಾಗ?

"ನನ್ನ ಹಾವಿಗೆ ಒಂದೂವರೆ ವರ್ಷ ತುಂಬಿತು. ಈಗ ಅದು ಅಡಲ್ಟಾ?" ಹಾವು ಸಾಕುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ತೂಕ ಎಷ್ಟು? ಆ ಕಡೆ ಸದ್ದೇ ಇರುವುದಿಲ್ಲ. ಮೊಟ್ಟೆಯೊಡೆದ ತಾರೀಖು ಬಾಯಿಪಾಠ ಇರುತ್ತದೆ, ತೂಕ ಮಾತ್ರ ಗೊತ್ತಿರುವುದಿಲ್ಲ.

ಹುಟ್ಟುಹಬ್ಬ ಎಣಿಸುವುದು ನಮ್ಮ ಚಾಳಿ. ಹಾವಿನ ಮೈಗೆ ಕ್ಯಾಲೆಂಡರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ, ಹೊಟ್ಟೆಗೆ ಬಿದ್ದ ಇಲಿ ಮತ್ತು ಮೈಗೆ ಸಿಕ್ಕ ಬಿಸಿ. ಒಟ್ಟಿಗೆ ಮೊಟ್ಟೆಯೊಡೆದ ಎರಡು ಮರಿ ತೆಗೆದುಕೊಳ್ಳಿ. ಒಂದಕ್ಕೆ ಐದು ದಿನಕ್ಕೊಂದು ಇಲಿ, ಇನ್ನೊಂದಕ್ಕೆ ಎರಡು ವಾರಕ್ಕೊಂದು. ಎರಡು ವರ್ಷ ಬಿಟ್ಟು ನೋಡಿದರೆ ಇವು ಒಡಹುಟ್ಟಿದವು ಅಂದರೆ ಯಾರೂ ನಂಬುವುದಿಲ್ಲ. ಗೂಡು ತಣ್ಣಗಿದ್ದರಂತೂ ತಿಂದದ್ದೂ ಸರಿಯಾಗಿ ಅರಗುವುದಿಲ್ಲ. ಇನ್ನು ಬೆಳೆಯುವುದು ದೂರದ ಮಾತು.

ಹಾಗಾದರೆ ಬೆಳವಣಿಗೆ ನಿಂತಾಗ ದೊಡ್ಡದು ಅನ್ನೋಣ ಅಂದರೆ, ಅದೂ ಆಗುವುದಿಲ್ಲ. ಹಾವುಗಳು ವಯಸ್ಸಿಗೆ ಬಂದ ಮೇಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತವೆ.

ಮರಿ ಮಾಡಿಸುವವರ ಲೆಕ್ಕ ಬೇರೆ. ಕಾರ್ನ್ ಸ್ನೇಕ್ ಅನ್ನುವ ಸಾಕು ಹಾವಿನ ಹೆಣ್ಣಿಗೆ ಅವರಲ್ಲಿ ಒಂದು ಮೂರರ ಲೆಕ್ಕ ಇದೆ: 3 ವರ್ಷ, 3 ಅಡಿ, 300 ಗ್ರಾಂ. ಮೂರೂ ಕೂಡಿಬಂದರೆ ಮಾತ್ರ ಜೋಡಿ ಮಾಡಿಸಬೇಕು. ನನಗೆ ಈ ಲೆಕ್ಕ ಇಷ್ಟ. ವಯಸ್ಸನ್ನು ಒಂಟಿಯಾಗಿ ನಂಬುವುದಿಲ್ಲವಲ್ಲ, ಅದಕ್ಕೆ. ಆದರೆ ಬಾಲ್ ಪೈಥಾನ್ ಅನ್ನುವ ಹೆಬ್ಬಾವಿನ ಕಡೆ ಬನ್ನಿ. ಗಂಡು 500ರಿಂದ 700 ಗ್ರಾಂಗೆಲ್ಲ ತಯಾರು. ಹೆಣ್ಣು ಸುಮಾರು 1,500 ಗ್ರಾಂ ಮುಟ್ಟುವವರೆಗೆ ಕಾಯುತ್ತಾರೆ. ಜೋಡಿಯಾಗುವುದನ್ನೇ ಅಳತೆಗೋಲು ಮಾಡಿಕೊಂಡರೆ ತಮ್ಮ ದೊಡ್ಡವನಾಗಿರುತ್ತಾನೆ, ಅಕ್ಕ ಇನ್ನೂ ಚಿಕ್ಕವಳು!

ಬಣ್ಣ ನಂಬುವವರೂ ಇದ್ದಾರೆ. ಗ್ರೀನ್ ಟ್ರೀ ಪೈಥಾನ್ ಅನ್ನುವ ಹೆಬ್ಬಾವಿನ ಮರಿ ಹಳದಿ ಇರುತ್ತದೆ, ಇಲ್ಲವೇ ಇಟ್ಟಿಗೆ ಕೆಂಪು. ಆಮೇಲೆ ಹಸಿರಾಗುತ್ತದೆ. ನೋಡುವುದಕ್ಕೆ ಅದೊಂದು ಸೊಗಸು, ನಿಜ. ಆದರೆ ಮರಿ ಮಾಡುವ ವಯಸ್ಸು ಬರುವುದಕ್ಕೆ ಎಷ್ಟೋ ಮೊದಲೇ ಈ ಬಣ್ಣ ಬದಲಾಗಿರುತ್ತದೆ. ಹುಡುಗನಿಗೆ ಮೀಸೆ ಚಿಗುರಿದ ಹಾಗೆ, ಅಷ್ಟೇ.

ಇನ್ನು ಪೊರೆ ಅಳೆದು "ನಮ್ಮದು ಐದಡಿ" ಅಂತ ಕೊಚ್ಚಿಕೊಳ್ಳುವವರ ಬಗ್ಗೆ ಏನು ಹೇಳಲಿ? ಪೊರೆ ಕಳಚುವಾಗ ಹಿಗ್ಗುತ್ತದೆ ಸ್ವಾಮಿ. ಹಾವಿಗಿಂತ ಪೊರೆಯೇ ಉದ್ದ.

ನಾನು ಹೇಳುವುದು ಇಷ್ಟು. ಮರಿ ಮಾಡಿಸುವ ಉದ್ದೇಶ ಇಲ್ಲದೆ, ಸುಮ್ನೆ ಪ್ರೀತಿಗೆ ಸಾಕುವವರಿಗೆ ಈ "ಅಡಲ್ಟ್" ಅನ್ನುವ ಪದದಿಂದ ಆಗಬೇಕಾದ ಕೆಲಸ ಒಂದೇ. ಊಟದ ಅಂತರ ಯಾವಾಗ ಹೆಚ್ಚಿಸಬೇಕು ಅಂತ ತಿಳಿಸುವುದು. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ.

ನನ್ನ ಹತ್ತಿರ ಒಂದು ಕಾರ್ನ್ ಸ್ನೇಕ್ ಇದೆ, ಹೆಸರು ಕುಂಕುಮ. ಮರಿಯಾಗಿದ್ದಾಗಿನಿಂದ ವಾರಕ್ಕೊಂದು ಇಲಿ ಕೊಡುವುದು ರೂಢಿ. ಮೂರು ವರ್ಷ ದಾಟಿದರೂ ಅದೇ ಭಾನುವಾರ, ಅದೇ ಇಲಿ. ಹತ್ತು ತಿಂಗಳಲ್ಲಿ ತೂಕ 410 ಗ್ರಾಂನಿಂದ 560ಕ್ಕೆ ಏರಿತು. ನಾನು ಖುಷಿಯಾಗಿದ್ದೆ, ಹುಡುಗಿ ಬೆಳೀತಿದ್ದಾಳೆ ಅಂತ. ಒಂದು ಸಂಜೆ ಅವಳು ನನ್ನ ಕೈ ಸುತ್ತಿಕೊಂಡಿದ್ದಾಗ ಗಮನಿಸಿದೆ. ಮೈ ಬಾಗಿದ ಕಡೆಯೆಲ್ಲ ಹುರುಪೆಗಳು, ಅಂದರೆ ಸ್ಕೇಲುಗಳು, ಒಂದರಿಂದೊಂದು ಬಿಟ್ಟುಕೊಂಡು ನಡುವೆ ತೆಳು ಚರ್ಮ ಕಾಣುತ್ತಿತ್ತು. ಬಾಲ ಶುರುವಾಗುವ ಜಾಗಕ್ಕೆ ಸ್ವಲ್ಪ ಮುಂಚೆ ದಪ್ಪ, ಅಲ್ಲಿಂದ ಥಟ್ಟನೆ ಸಣ್ಣ. ಡಾಕ್ಟರ್ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, "ಇದು ಬೆಳವಣಿಗೆಯಲ್ಲ, ಕೊಬ್ಬು" ಅಂದರು. ಅವಳು ಯಾವಾಗಲೋ ದೊಡ್ಡವಳಾಗಿದ್ದಳು. ನಾನೇ ಇನ್ನೂ ಮರಿ ಸಾಕುತ್ತಿದ್ದೆ.

ಅದಕ್ಕೇ ತಕ್ಕಡಿ ಬೇಕು ಅನ್ನುವುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು, ಹಾವಿಗೆ ಅಂತಲೇ ಬೇರೆ ಇಟ್ಟುಕೊಳ್ಳಿ. ಮುಚ್ಚಳ ಇರುವ ಡಬ್ಬಿಯಲ್ಲಿ ಹಾವನ್ನಿಟ್ಟು ತೂಗಿ, ಡಬ್ಬಿಯ ತೂಕ ಕಳೆಯಿರಿ. ತಿಂಗಳಿಗೊಮ್ಮೆ ಸಾಕು. ಇಲಿ ನುಂಗಿದ ಕೂಡಲೇ ತೂಗಬೇಡಿ, ಆಗ ನೀವು ತೂಗುವುದು ಇಲಿಯನ್ನೂ ಸೇರಿಸಿ. ಆರು ತಿಂಗಳ ಅಂಕಿ ಬರೆದಿಡಿ. ಮರಿಯ ಅಂಕಿ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಪೊರೆಯೂ ಬೇಗ ಬೇಗ ಬಿಡುತ್ತದೆ. ಊಟ ಅಷ್ಟೇ ಇದ್ದು ಅಂಕಿ ಹೆಚ್ಚುಕಡಿಮೆ ನಿಂತಲ್ಲೇ ನಿಂತರೆ, ಅಥವಾ ಉದ್ದ ಬಿಟ್ಟು ಬರೀ ಸುತ್ತಳತೆ ಏರಿದರೆ, ನನ್ನ ಪ್ರಕಾರ ಆ ಹಾವು ದೊಡ್ಡದಾಯ್ತು. ವಾರದ ಊಟವನ್ನು ಎರಡು ವಾರಕ್ಕೆ ತನ್ನಿ. ಬಾಲ್ ಪೈಥಾನ್ ಆದರೆ ಇನ್ನೂ ಜಾಸ್ತಿ ಅಂತರ ನಡೆಯುತ್ತದೆ.

ಇದಕ್ಕೊಂದು ತೊಡಕೂ ಇದೆ, ಮುಚ್ಚಿಡುವುದಿಲ್ಲ. ಬಾಲ್ ಪೈಥಾನ್ ಗಂಡು ಜೋಡಿ ಹುಡುಕುವ ಕಾಲದಲ್ಲಿ ತಿಂಗಳುಗಟ್ಟಲೆ ಊಟ ಬಿಡಬಹುದು. ಆಗ ಅಂಕಿ ನಿಂತರೆ ಅದು ಉಪವಾಸದ ಲೆಕ್ಕ. ಕಾಯಿಲೆಯಿಂದಲೂ ನಿಲ್ಲಬಹುದು. ಸರಿಯಾಗಿ ತಿನ್ನುತ್ತಿರುವ ಹಾವಿನ ಅಂಕಿಯನ್ನಷ್ಟೇ ನಂಬಿ.

ನನಗೆ ಸಿಟ್ಟು ಬರುವುದು ಬೇಗ ದೊಡ್ಡದು ಮಾಡಬೇಕು ಅಂತ ಮೂರು ದಿನಕ್ಕೊಂದು ಇಲಿ ತುರುಕುವವರ ಮೇಲೆ. ಏನು ಅವಸರ? 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಬಾಲ್ ಪೈಥಾನ್ ಒಂದು ಏಳು ಮೊಟ್ಟೆ ಇಟ್ಟಿತು. ಅದರ ವಯಸ್ಸು 62ರ ಆಸುಪಾಸು. ಅಷ್ಟು ಬಾಳಬಲ್ಲ ಪ್ರಾಣಿಯನ್ನು ಎರಡೇ ವರ್ಷದಲ್ಲಿ ಹಣ್ಣು ಮಾಡಲು ಹೊರಡುತ್ತಾರಲ್ಲ!

ಕುಂಕುಮಳಿಗೆ ಈಗ ಎರಡು ವಾರಕ್ಕೊಂದು ಇಲಿ. ಮೊನ್ನೆ ತೂಗಿದಾಗ 490 ಇತ್ತು, ಹುರುಪೆಗಳು ಮತ್ತೆ ಒತ್ತಾಗಿ ಕೂತಿವೆ. ಆದರೆ ಊಟವಿಲ್ಲದ ಭಾನುವಾರವೂ ಅವಳು ಗಾಜಿಗೆ ಮೂಗು ಒತ್ತಿಕೊಂಡು ನನ್ನ ಕೈಯನ್ನೇ ನೋಡುತ್ತಾಳೆ. ನಾನು ಆ ಕಡೆ ಮುಖ ತಿರುಗಿಸಿಕೊಂಡು ಓಡಾಡುತ್ತೇನೆ.