ಒಟ್ಟು ಅನ್ನುವ ಡಬ್ಬಿ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಹಾಲಿನ ಡೇರಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬೆಳಗ್ಗೆ ಲೆಕ್ಕ ಸರಿಯಾಗಿಯೇ ಬಂತು. ಸಂಜೆ ನೋಡಿದರೆ ಹಾಲು ಹಾಕಿದವರು ಅಷ್ಟೇ ಜನ, ಒಟ್ಟು ಮಾತ್ರ ಡಬಲ್! ಊರಿನ ಹಸುಗಳ ತಪ್ಪಲ್ಲ, ನನ್ನದೇ. ಬೆಳಗಿನ ಒಟ್ಟನ್ನು ಸೊನ್ನೆ ಮಾಡದೆ ಅದರ ಮೇಲೇ ಸಂಜೆಯದ್ದನ್ನು ಕೂಡಿಸಿಬಿಟ್ಟಿದ್ದೆ.

ಒಟ್ಟು ಬರೆದಿಡುವ ಆ ಡಬ್ಬಿಗೆ ವೇರಿಯಬಲ್ ಅಂತ ಹೆಸರು. ಪ್ರೋಗ್ರಾಮಿಂಗ್ ಪ್ಯಾರಡೈಮ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಈ ಡಬ್ಬಿಯ ಕಥೆಯನ್ನೇ ಹೇಳುತ್ತೇನೆ. ಪ್ಯಾರಡೈಮ್ ಅಂದರೆ ಲೆಕ್ಕವನ್ನು ಯೋಚಿಸುವ ರೀತಿ. ಡಬ್ಬಿಯನ್ನು ಯಾರು ಮುಟ್ಟಬಹುದು ಅನ್ನುವುದರಲ್ಲೇ ಅವುಗಳ ವ್ಯತ್ಯಾಸ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ.

ನಾನು ಬರೆದದ್ದು ಹಳೆಯ ರೀತಿ. ಒಟ್ಟು ಸೊನ್ನೆ ಅಂತ ಬರೆ. ಪುಸ್ತಕದ ಮೊದಲ ಸಾಲು ನೋಡು. ಫ್ಯಾಟ್ 4ಕ್ಕಿಂತ ಜಾಸ್ತಿ ಇದ್ದರೆ ಲೀಟರನ್ನು ಒಟ್ಟಿನ ಡಬ್ಬಿಗೆ ಸೇರಿಸು. ಮುಂದಿನ ಸಾಲಿಗೆ ಹೋಗು. ಹೀಗೆ ಅಪ್ಪಣೆ ಮೇಲೆ ಅಪ್ಪಣೆ. ಇದು ಇಂಪೆರೆಟಿವ್ ರೀತಿ. 1957ರಲ್ಲಿ ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಅವರ ತಂಡ ಹೊರತಂದ ಫೋರ್ಟ್ರಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದೇ ದಾರಿಯದು. ಯಂತ್ರವೂ ಒಳಗೆ ಹೀಗೇ ಡಬ್ಬಿಗಳನ್ನು ಅಳಿಸಿ ಬರೆಯುತ್ತಿರುತ್ತದೆ. ಆದರೆ ಇಲ್ಲಿ ಡಬ್ಬಿಗೆ ಯಾರು ಬೇಕಾದರೂ ಕೈ ಹಾಕಬಹುದು. ನಾನು ಹಾಕಿದೆನಲ್ಲ, ಹಾಗೆ.

ಇನ್ನೊಂದು ರೀತಿಯಲ್ಲಿ ಡಬ್ಬಿಗೆ ಒಬ್ಬ ಯಜಮಾನ ಇರುತ್ತಾನೆ. ಒಬ್ಬೊಬ್ಬ ರೈತರ ಪಾಸ್‌ಬುಕ್ಕೂ ಒಂದೊಂದು ಆಬ್ಜೆಕ್ಟ್. ಹೊರಗಿನವರು ಒಳಗಿನ ಲೆಕ್ಕ ತಿದ್ದುವ ಹಾಗಿಲ್ಲ. ‘ಇನ್ನು 5 ಲೀಟರ್ ಸೇರಿಸಿಕೋ’ ಅಂತ ಹೇಳಬಹುದು, ಅಷ್ಟೇ. ಆಬ್ಜೆಕ್ಟ್ ಅನ್ನುವ ಯೋಚನೆ ನಾರ್ವೆಯ ಸಿಮ್ಯುಲಾ 67 ಅನ್ನುವ ಭಾಷೆಯಲ್ಲಿ ಬಂತು. ಅದನ್ನು ಮಾಡಿದ ಡಾಲ್ ಮತ್ತು ನೂಗಾರ್ಡ್ ಹಳೆಯದನ್ನು ಎಸೆಯಲಿಲ್ಲ. ಇಂಪೆರೆಟಿವ್ ಭಾಷೆಯಾದ ಅಲ್ಗಾಲ್ 60ರ ಮೇಲೇ ಕಟ್ಟಿದರು.

ಫಂಕ್ಷನಲ್ ರೀತಿಯವರು ಬರೆದದ್ದನ್ನು ತಿದ್ದಲೇಬೇಡಿ ಅನ್ನುತ್ತಾರೆ. ಪಟ್ಟಿಯನ್ನು ಜರಡಿ ಹಿಡಿಯಿರಿ. ಫ್ಯಾಟ್ ಜಾಸ್ತಿ ಇರುವ ಸಾಲುಗಳ ಹೊಸ ಪಟ್ಟಿ ಸಿಗುತ್ತದೆ. ಅದನ್ನು ಕೂಡಿದರೆ ಉತ್ತರ. ಹಳೆಯ ಪಟ್ಟಿ ಹಾಗೇ ಉಳಿಯುತ್ತದೆ. ಬೆಳಗಿನ ಒಟ್ಟು ಸಂಜೆಯದ್ದಕ್ಕೆ ಅಂಟಿಕೊಳ್ಳಲು ದಾರಿಯೇ ಇಲ್ಲ. ಇದರ ಬೇರು 1930ರ ದಶಕದಲ್ಲಿ ಗಣಿತಜ್ಞ ಅಲೊಂಜೊ ಚರ್ಚ್ ಕಟ್ಟಿದ ಲ್ಯಾಂಬ್ಡಾ ಕ್ಯಾಲ್ಕುಲಸ್ ಅನ್ನುವ ಗಣಿತದಲ್ಲಿದೆ. 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ ಲಿಸ್ಪ್ ಭಾಷೆ ಲ್ಯಾಂಬ್ಡಾ ಬರೆಯುವ ರೀತಿಯನ್ನು ಅದರಿಂದಲೇ ಪಡೆಯಿತು. ತಮಾಷೆ ಏನು ಗೊತ್ತಾ? ಫೋರ್ಟ್ರಾನ್ ತಂದ ಅದೇ ಬ್ಯಾಕಸ್, 1977ರಲ್ಲಿ ಕಂಪ್ಯೂಟರ್ ಲೋಕದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಡಬ್ಬಿ ತಿದ್ದುವ ಈ ಹಳೆಯ ಚಾಳಿಯಿಂದ ಬಿಡುಗಡೆ ಬೇಕು ಅಂತ ವಾದ ಮಾಡಿದರು!

ಡಬ್ಬಿಯ ಸುದ್ದಿಯೇ ಬೇಡ ಅನ್ನುವವರೂ ಇದ್ದಾರೆ. ಬ್ಯಾಂಕು, ರೈಲ್ವೆ, ಎಲ್ಲ ಕಡೆ ಇರುವ, ಕೂಡಿಟ್ಟ ಮಾಹಿತಿಯನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಏನು ಬೇಕು ಅಂತ ಹೇಳಿದರೆ ಸಾಕು, ಹೇಗೆ ಹುಡುಕುವುದು ಅನ್ನುವುದು ಅದರ ತಲೆನೋವು. 1972ರಲ್ಲಿ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ರೂಪುಗೊಂಡ ಪ್ರೋಲಾಗ್ ಭಾಷೆ ನನಗೆ ಇನ್ನೂ ಇಷ್ಟ. ತಾಯಿಯ ಅಣ್ಣನೋ ತಮ್ಮನೋ ಆದವನು ಸೋದರಮಾವ. ಈ ಒಂದು ನಿಯಮ, ಮನೆಮಂದಿಯ ಪಟ್ಟಿ, ಇಷ್ಟು ಕೊಟ್ಟರೆ ಆಯಿತು. ‘ಈ ಹುಡುಗಿಯ ಸೋದರಮಾವ ಯಾರು?’ ಅಂತಲೂ ಕೇಳಬಹುದು, ‘ಇವನು ಯಾರ್‍ಯಾರಿಗೆ ಸೋದರಮಾವ?’ ಅಂತಲೂ ಕೇಳಬಹುದು. ನಿಯಮ ಅದೇ. ಮದುವೆ ಮನೆಯಲ್ಲಿ ಮೂಲೆಯಲ್ಲಿ ಕೂತ ಅಜ್ಜಿ ಮಾಡುವುದೂ ಇದನ್ನೇ ಅಲ್ವಾ?

ಇವು ಜಾತಿಗಳ ಥರ ಬೇರೆ ಬೇರೆ ಪಂಕ್ತಿಯಲ್ಲಿ ಕೂರುವುದಿಲ್ಲ. ಆಬ್ಜೆಕ್ಟ್‌ಗಳಿಗೇ ಹೆಸರಾದ ಜಾವಾ ಭಾಷೆ, 2014ರಲ್ಲಿ ಬಂದ 8ನೇ ಆವೃತ್ತಿಯಲ್ಲಿ ಚರ್ಚ್ ಅವರ ಲ್ಯಾಂಬ್ಡಾವನ್ನು, ಅಂದರೆ ಹೆಸರಿಡದೆ ಪುಟ್ಟ ಲೆಕ್ಕ ಬರೆಯುವ ರೀತಿಯನ್ನು, ಸೇರಿಸಿಕೊಂಡಿತು. ಪೈಥಾನ್ ಭಾಷೆಯಲ್ಲಂತೂ ಇಂಪೆರೆಟಿವ್, ಆಬ್ಜೆಕ್ಟ್, ಫಂಕ್ಷನಲ್ ಮೂರೂ ಇವೆ.

ಡೇರಿಯ ಪ್ರೋಗ್ರಾಂ ಕೊನೆಗೆ ಹೀಗಾಯಿತು. ಹಾಲಿನ ಪುಸ್ತಕ ಎಸ್‌ಕ್ಯೂಎಲ್‌ನಲ್ಲಿ. ಪಾಸ್‌ಬುಕ್‌ಗಳು ಆಬ್ಜೆಕ್ಟ್‌ಗಳು. ಒಟ್ಟು ತೆಗೆಯುವುದು ಜರಡಿ ಹಿಡಿದು. ಯಜಮಾನನಿಲ್ಲದೆ ತಿದ್ದುವ ಡಬ್ಬಿ ಒಂದೇ ಒಂದು ಉಳಿದಿದೆ, ರಸೀದಿ ನಂಬರಿನದು. ಅದು ದಿನಾ ಏರುತ್ತಾ ಹೋಗಲೇಬೇಕು. ಸುಮ್ನೆ ಬಿಟ್ಟಿದ್ದೇನೆ.

ನಮಸ್ಕಾರ.