ಎಷ್ಟು ಜನ ಬಂದರು, ಯಾರು ಬಂದರು

ಎಲ್ಲರಿಗೂ ನಮಸ್ಕಾರ.

ಸಣ್ಣಪುಟ್ಟ ವೆಬ್‌ಸೈಟ್ ನಡೆಸುವ ಯಾರನ್ನೇ ಕೇಳಿ, ಅವರ ತಲೆಯಲ್ಲಿರುವುದು ಒಂದೇ ಪ್ರಶ್ನೆ: ಇವತ್ತು ಎಷ್ಟು ಜನ ಬಂದರು? ಉತ್ತರ ಸಿಗುವುದು ಮಾತ್ರ ಕಷ್ಟ. ಯಾಕೆಂದರೆ ವೆಬ್ ಸರ್ವರ್‌ಗೆ, ಅಂದರೆ ಪುಟ ಕಳಿಸಿಕೊಡುವ ಕಂಪ್ಯೂಟರಿಗೆ, ತಾನಾಗಿ ಯಾವ ನೆನಪೂ ಇರುವುದಿಲ್ಲ. ನೀವು ಎರಡನೇ ಪುಟ ತೆರೆದರೆ, ಅದರ ಪಾಲಿಗೆ ನೀವು ಬೇರೆ ಯಾರೋ.

1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಇದಕ್ಕೊಂದು ದಾರಿ ಕಂಡುಕೊಂಡರು. ಆನ್‌ಲೈನ್ ಅಂಗಡಿಯಲ್ಲಿ ಗ್ರಾಹಕ ಬುಟ್ಟಿಗೆ ಹಾಕಿದ್ದು ಮರೆತುಹೋಗಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಟೋಕನ್ ಕೊಡುತ್ತಾರಲ್ಲ, ಹಾಗೆ ಸರ್ವರ್ ಒಂದು ಗುರುತು ಕೊಡುತ್ತದೆ, ಬ್ರೌಸರ್ ಮತ್ತೆ ಬಂದಾಗ ಅದನ್ನು ತೋರಿಸುತ್ತದೆ. ಅದೇ ಕುಕೀ. ಕೊಟ್ಟವರಿಗೆ ಮಾತ್ರ ತೋರಿಸುವುದು ನಿಯಮ.

ತಂಟೆ ಶುರುವಾದದ್ದು ಜಾಹೀರಾತಿನಿಂದ. ನೀವು ಓದುವ ಸುದ್ದಿಯ ಪಕ್ಕದ ಜಾಹೀರಾತು ಬೇರೆ ಕಂಪನಿಯ ಸರ್ವರ್‌ನಿಂದ ಬರುತ್ತದೆ, ಬಂದದ್ದು ತನ್ನದೂ ಒಂದು ಕುಕೀ ಇಟ್ಟು ಹೋಗುತ್ತದೆ. ಅಡುಗೆಯ ಸೈಟಿನಲ್ಲೂ ಅದೇ ಕಂಪನಿ ಇದ್ದರೆ, ಎರಡೂ ಕಡೆ ಬಂದವರು ಒಬ್ಬರೇ ಅಂತ ಅದಕ್ಕೆ ಗೊತ್ತಾಗುತ್ತದೆ. ಆಪಲ್‌ನ ಬ್ರೌಸರ್ ಸಫಾರಿ ಇದನ್ನು 2020ರಲ್ಲಿ ಪೂರ್ತಿ ನಿಲ್ಲಿಸಿತು. ನಾವೂ ನಿಲ್ಲಿಸುತ್ತೇವೆ ಅಂತ ಅದೇ ವರ್ಷ ತನ್ನ ಕ್ರೋಮ್ ಬ್ರೌಸರ್ ಬಗ್ಗೆ ಹೇಳಿದ ಗೂಗಲ್, ಮುಂದೂಡುತ್ತಾ ಬಂದು 2024ರಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಜಾಹೀರಾತೇ ಹೊಟ್ಟೆಪಾಡಾದ ಕಂಪನಿ, ನನಗಂತೂ ಆಶ್ಚರ್ಯವಾಗಲಿಲ್ಲ.

ಕುಕೀ ಇಲ್ಲದೆಯೂ ಗುರುತು ಹಿಡಿಯುವವರಿದ್ದಾರೆ. ಅವರ ದಾರಿ ಕುಕೀಗಿಂತ ಕೆಟ್ಟದ್ದು, ಹೆಸರು ಫಿಂಗರ್‌ಪ್ರಿಂಟಿಂಗ್. ಪರದೆಯ ಅಳತೆ, ಟೈಮ್ ಝೋನ್, ಭಾಷೆ, ಫಾಂಟ್‌ಗಳನ್ನು ಸೇರಿಸಿ ನೋಡುತ್ತಾರೆ. ಫಾಂಟ್ ಯಾವುದಿದೆ ಅಂತ ಹೇಗೆ ತಿಳಿಯುತ್ತೆ? ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ಸಾಲನ್ನು ನುಡಿ ಫಾಂಟಿನಲ್ಲಿ ಬರೆಯಲು ಬ್ರೌಸರ್‌ಗೆ ಹೇಳಿ, ಅದರ ಅಗಲ ಅಳೆಯುತ್ತಾರೆ. ಮಾಮೂಲಿ ಫಾಂಟಿನ ಅಗಲಕ್ಕಿಂತ ಬೇರೆ ಬಂತೋ, ನುಡಿ ಇದೆ ಅಂತಾಯಿತು. ಬೆಂಗಳೂರಿನಲ್ಲಿ ನುಡಿ ಇರುವ ಕಂಪ್ಯೂಟರ್‌ಗಳಿಗೆ ಲೆಕ್ಕವಿಲ್ಲ. ಆದರೆ ಬರ್ಲಿನ್‌ನ ಕನ್ನಡಿಗರೊಬ್ಬರ ಲ್ಯಾಪ್‌ಟಾಪಿನಲ್ಲಿ ನುಡಿ ಇದ್ದರೆ? ಅಲ್ಲಿ ಅವರು ಎದ್ದು ಕಾಣುತ್ತಾರೆ! ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕದ ಸಂಸ್ಥೆ ಇಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿತು. ಶೇ 83.6ರಷ್ಟು ಬ್ರೌಸರ್‌ಗಳಿಗೆ ಜೋಡಿಯೇ ಇರಲಿಲ್ಲ. ಫೈರ್‌ಫಾಕ್ಸ್, ಸಫಾರಿ ಈಗ ಇದಕ್ಕೆ ಸ್ವಲ್ಪ ಅಡ್ಡಗಾಲು ಹಾಕುತ್ತವೆ. ಆದರೂ ಕುಕೀಯನ್ನಾದರೆ ಅಳಿಸಬಹುದು, ಪರದೆಯ ಅಳತೆಯನ್ನು ಹೇಗೆ ಅಳಿಸುತ್ತೀರಿ?

ನಮಗೆ ಬೇಕಿರುವುದು ಎಣಿಕೆ ಮಾತ್ರ, ಅಲ್ವಾ? ಅದಕ್ಕೆ ಸರ್ವರ್‌ನ ಲಾಗ್ ಫೈಲೇ ಮುಕ್ಕಾಲು ಪಾಲು ಸಾಕು. ಬ್ರೌಸರ್ ಏನನ್ನು ಕೇಳಿದರೂ ಅಲ್ಲಿ ಒಂದು ಸಾಲು: ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ), ಸಮಯ, ಪುಟ, ಬ್ರೌಸರ್ ಹೆಸರು. ಐಪಿ ವಿಳಾಸವನ್ನಷ್ಟೇ ನಂಬಿ ತಲೆ ಎಣಿಸಬೇಡಿ. ನಮ್ಮ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಒಂದೇ ವಿಳಾಸವನ್ನು ತುಂಬಾ ಜನ ಹಂಚಿಕೊಂಡಿರುತ್ತಾರೆ.

ಭೇಟಿ ಎಣಿಸಿಕೊಡುವ ಪ್ಲಾಸಿಬಲ್‌ನಂಥ ಸೇವೆಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಐಪಿ, ಬ್ರೌಸರ್ ಹೆಸರು, ಜೊತೆಗೆ ಆ ದಿನಕ್ಕೆ ಮಾತ್ರ ಅಂತ ಮಾಡಿದ ಒಂದು ಗುಪ್ತ ಸಂಖ್ಯೆ, ಇಷ್ಟನ್ನೂ ಅರೆದು ಹ್ಯಾಶ್ ಮಾಡುತ್ತವೆ, ಅಂದರೆ ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಒಂದು ಗುರುತಾಗಿಸುತ್ತವೆ. ಮಾರನೇ ದಿನ ಆ ಸಂಖ್ಯೆಯನ್ನು ಎಸೆದು ಹೊಸದು ತರುತ್ತವೆ. ಎಸೆಯುವುದೇ ಮುಖ್ಯ. ಸಂಖ್ಯೆ ಕೈಯಲ್ಲಿದ್ದರೆ, ಹಳೆಯ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಒಂದೊಂದನ್ನೇ ಹ್ಯಾಶ್ ಮಾಡಿ ಹೋಲಿಸಿ, ಬಂದದ್ದು ಯಾವ ವಿಳಾಸ ಅಂತ ಹಿಡಿಯಲು ಕಂಪ್ಯೂಟರಿಗೆ ಜಾಸ್ತಿ ಹೊತ್ತೇನೂ ಬೇಡ.

ಇದರಲ್ಲಿ ಒಂದು ತೊಡಕಿದೆ. ನಿನ್ನೆ ಬಂದವರು ಇವತ್ತು ಬಂದರೆ ಹೊಸಬರು. ದಿನದ ಲೆಕ್ಕಗಳನ್ನು ಕೂಡಿಸಿ ತಿಂಗಳಿಗೆ ಇಷ್ಟು ಓದುಗರು ಅಂತ ಹೇಳುವ ಹಾಗಿಲ್ಲ. ಜಾಹೀರಾತು ಕೊಡುವವರು ಆ ಅಂಕಿಯನ್ನೇ ಕೇಳುತ್ತಾರೆ. ಅದರ ಬದಲು ಪುಟ ಎಷ್ಟು ಸಲ ತೆರೆಯಿತು ಅನ್ನುವುದನ್ನು ಕೊಡಿ, ಬಾಟ್‌ಗಳನ್ನು, ಅಂದರೆ ತಾವಾಗಿ ಪುಟ ತೆರೆಯುವ ಪ್ರೋಗ್ರಾಂಗಳನ್ನು, ಕಳೆದ ಮೇಲೆ.